ಟಿ.ಬಿ. ಪತ್ತೆ: ಯಂತ್ರಕ್ಕೆ ಎರಡು ಗಂಟೆ, ರೋಗಿಗೆ ಎರಡು ತಿಂಗಳು

1960ರ ದಶಕದ ಶುರುವಿನಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆಸಿದರು. ಹಳ್ಳಿಯವರಿಗೆ ಟಿ.ಬಿ.ಯ ಅರಿವಿಲ್ಲ, ಅವರಾಗಿ ಆಸ್ಪತ್ರೆಗೆ ಬರುವುದಿಲ್ಲ, ಎಕ್ಸ್‌ರೇ ವ್ಯಾನ್ ತೆಗೆದುಕೊಂಡು ಊರೂರು ಸುತ್ತಿದರೇ ರೋಗಿಗಳು ಸಿಗುವುದು ಎಂಬ ಮಾತು ಆಗ ಜೋರಾಗಿತ್ತು. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ರೋಗಿಗಳನ್ನೇ ಕೇಳಿ ನೋಡೋಣ ಎಂದು ಹೊರಟರು. 1963ರಲ್ಲಿ ಪ್ರಕಟವಾದ ಅವರ ವರದಿ ಬೇರೆಯೇ ಕಥೆ ಹೇಳಿತು. ಬಹುಪಾಲು ರೋಗಿಗಳಿಗೆ ತಮಗೇನೋ ಆಗಿದೆ ಅಂತ ಗೊತ್ತಿತ್ತು. ಅರ್ಧಕ್ಕಿಂತ ಜಾಸ್ತಿ ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿ ಬಂದಿದ್ದರು. ಹೋದವರಲ್ಲಿ ಹೆಚ್ಚಿನವರ ಕೈಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ.

ಅರವತ್ತು ವರ್ಷ ಕಳೆದಿವೆ. ಈಗ ಒಂದು ಚಮಚೆಯಷ್ಟು ಕಫ ಕೊಟ್ಟರೆ ಸಾಕು, ಅದರಲ್ಲಿ ಟಿ.ಬಿ. ಬ್ಯಾಕ್ಟೀರಿಯಾ ಇದೆಯೇ, ಇದ್ದರೆ ಮುಖ್ಯವಾದ ಔಷಧಿಗೆ ಅದು ಬಗ್ಗುತ್ತದೆಯೇ ಎಂದು ಎರಡು ಗಂಟೆಯೊಳಗೆ ಹೇಳುವ ಯಂತ್ರಗಳು ತಾಲ್ಲೂಕು ಆಸ್ಪತ್ರೆಗಳವರೆಗೂ ಬಂದಿವೆ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ನಮ್ಮ ದೇಶದಲ್ಲಿ ಸುಮಾರು 28 ಲಕ್ಷ ಜನಕ್ಕೆ ಹೊಸದಾಗಿ ಟಿ.ಬಿ. ಬಂತು. ಮೂರು ಲಕ್ಷಕ್ಕೂ ಹೆಚ್ಚು ಜನ ತೀರಿಕೊಂಡರು. ಈ ಯಂತ್ರಗಳು ಮಾಡುವ ಅಣುಮಟ್ಟದ ಪರೀಕ್ಷೆ, ಅಂದರೆ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೇ ಹುಡುಕುವ ಪರೀಕ್ಷೆ, ಪ್ರಯೋಗಾಲಯದ ಒಳಗೆ ವಾರಗಳನ್ನು ಉಳಿಸಿಕೊಟ್ಟಿದೆ, ಇದರಲ್ಲಿ ಅನುಮಾನವೇ ಇಲ್ಲ. ಆದರೆ ರೋಗಿ ಕಳೆದುಕೊಳ್ಳುವ ದಿನಗಳಲ್ಲಿ ಹೆಚ್ಚಿನವು ಪ್ರಯೋಗಾಲಯದ ಬಾಗಿಲಿಗೆ ಬರುವ ಮೊದಲೇ ಹೋಗಿರುತ್ತವೆ. ಈ ಪರೀಕ್ಷೆಯ ಬಗ್ಗೆ ಮಾತಾಡುವಾಗ ನಾವು ಆ ದಿನಗಳ ಬಗ್ಗೆ ಮಾತಾಡುವುದು ತೀರಾ ಕಡಿಮೆ.

ಹೊಸ ಪರೀಕ್ಷೆ ಯಾಕೆ ಬೇಕಾಯಿತು ಅನ್ನೋದಕ್ಕೆ ಹಳೆಯದನ್ನು ನೋಡಬೇಕು. ರಾಬರ್ಟ್ ಕಾಖ್ 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ಟಿ.ಬಿ. ಬ್ಯಾಕ್ಟೀರಿಯಾವನ್ನು ತೋರಿಸಿದ ಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ನಮ್ಮ ಮುಖ್ಯ ಸಾಧನ ಮೈಕ್ರೋಸ್ಕೋಪೇ ಆಗಿತ್ತು. ಕಫವನ್ನು ಗಾಜಿನ ಪಟ್ಟಿಯ ಮೇಲೆ ಹಚ್ಚಿ, ಬಣ್ಣ ಹಾಕಿ, ಕೆಂಪು ಕಡ್ಡಿಗಳು ಕಾಣುತ್ತವೆಯೇ ಎಂದು ನೋಡುವುದು. ಅಗ್ಗದ ಪರೀಕ್ಷೆ, ಎಲ್ಲಿ ಬೇಕಾದರೂ ಮಾಡಬಹುದು. ಆದರೆ ಒಂದು ಮಿಲಿಲೀಟರ್ ಕಫದಲ್ಲಿ ಐದರಿಂದ ಹತ್ತು ಸಾವಿರ ಬ್ಯಾಕ್ಟೀರಿಯಾ ಇದ್ದರೆ ಮಾತ್ರ ಕಣ್ಣಿಗೆ ಬೀಳುತ್ತವೆ. ಅಷ್ಟಾಗುವ ಹೊತ್ತಿಗೆ ರೋಗ ಶ್ವಾಸಕೋಶದಲ್ಲಿ ಬೇರು ಬಿಟ್ಟಿರುತ್ತದೆ, ಮನೆಯವರಿಗೂ ಹರಡಿರಬಹುದು. ಎಚ್‌ಐವಿ ಇರುವವರಲ್ಲಿ, ಮಕ್ಕಳಲ್ಲಿ ಕಫದಲ್ಲಿ ಬ್ಯಾಕ್ಟೀರಿಯಾ ಕಡಿಮೆ ಇರುವುದರಿಂದ ಈ ಪರೀಕ್ಷೆ ಅವರ ಕೈಯನ್ನೇ ಜಾಸ್ತಿ ಬಿಡುತ್ತದೆ.

ಇನ್ನೊಂದು ದಾರಿ ಕಲ್ಚರ್, ಅಂದರೆ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವುದು. ಇವತ್ತಿಗೂ ಇದೇ ಅತ್ಯಂತ ನಂಬಿಕೆಯ ಪರೀಕ್ಷೆ. ತೊಂದರೆ ಇರುವುದು ವೇಗದಲ್ಲಿ. ಮಾಮೂಲಿ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೆ ಎರಡಾದರೆ ಟಿ.ಬಿ. ಬ್ಯಾಕ್ಟೀರಿಯಾ ಒಂದು ಎರಡಾಗಲು ಸುಮಾರು ಇಪ್ಪತ್ತು ಗಂಟೆ ಬೇಕು. ಹಾಗಾಗಿ ಉತ್ತರ ಬರಲು ಎರಡರಿಂದ ಎಂಟು ವಾರ. ಅಷ್ಟರಲ್ಲಿ ರೋಗಿ ಊರು ಬಿಟ್ಟು ಕೂಲಿಗೆ ಹೋಗಿರುತ್ತಾನೆ, ಕೊಟ್ಟ ಫೋನ್ ನಂಬರ್ ಬದಲಾಗಿರುತ್ತದೆ.

ಬ್ಯಾಕ್ಟೀರಿಯಾ ಬೆಳೆಯಲಿ ಎಂದು ಕಾಯುವ ಬದಲು ಅದರ ಡಿಎನ್‌ಎಯನ್ನೇ ಹುಡುಕಿದರೆ? ಕ್ಯಾರಿ ಮುಲ್ಲಿಸ್ 1983ರಲ್ಲಿ ರೂಪಿಸಿದ ಪಿಸಿಆರ್ ವಿಧಾನದಿಂದ ಇದು ಸಾಧ್ಯವಾಯಿತು. ಕೋವಿಡ್ ಕಾಲದಲ್ಲಿ ಈ ಹೆಸರು ಎಲ್ಲರ ಬಾಯಲ್ಲೂ ಇತ್ತು. ನಮಗೆ ಬೇಕಾದ ಡಿಎನ್‌ಎ ತುಣುಕು ಸಿಕ್ಕಿದರೆ ಅದನ್ನು ಜೆರಾಕ್ಸ್ ಮಾಡಿದ ಹಾಗೆ ಪ್ರತಿ ಸುತ್ತಿಗೂ ದುಪ್ಪಟ್ಟು ಮಾಡುತ್ತಾ ಹೋಗುವುದು. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಮೂವತ್ತು ಸುತ್ತು ಮುಗಿಯುವಷ್ಟರಲ್ಲಿ ಲೆಕ್ಕದ ಪ್ರಕಾರ ಒಂದು ತುಣುಕು ನೂರು ಕೋಟಿ ದಾಟಿರುತ್ತದೆ. ತುಣುಕೇ ಇಲ್ಲದಿದ್ದರೆ ಎಷ್ಟು ಸುತ್ತು ತಿರುಗಿಸಿದರೂ ಏನೂ ಬರುವುದಿಲ್ಲ.

ಆದರೆ ಪಿಸಿಆರ್‌ಗೆ ಮೂರು ಕೋಣೆ, ನುರಿತ ಕೈ, ಕಲಬೆರಕೆ ಆಗದಂತೆ ಎಚ್ಚರ ಎಲ್ಲಾ ಬೇಕಿತ್ತು. ಇದನ್ನೆಲ್ಲ ಒಂದು ಮುಚ್ಚಿದ ಡಬ್ಬಿಯೊಳಗೆ ತಂದಿದ್ದು ಜೀನ್‌ಎಕ್ಸ್‌ಪರ್ಟ್ ಎಂಬ ಯಂತ್ರ. ಅಮೆರಿಕದ ಸೆಫೀಡ್ ಕಂಪನಿಯದು. 2001ರಲ್ಲಿ ಅಲ್ಲಿ ಅಂಚೆ ಮೂಲಕ ಆಂಥ್ರಾಕ್ಸ್ ಪುಡಿ ಕಳಿಸಿದ ಘಟನೆಗಳಾದ ಮೇಲೆ ಅಂಚೆ ಕಚೇರಿಗಳಲ್ಲಿ ಆಂಥ್ರಾಕ್ಸ್ ಪತ್ತೆಗೆ ಇದೇ ತಂತ್ರಜ್ಞಾನ ಬಳಕೆಯಾಗಿತ್ತು. ಟಿ.ಬಿ.ಗೆ ಇದನ್ನು ಬಳಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2010ರ ಡಿಸೆಂಬರ್‌ನಲ್ಲಿ ಹೇಳಿತು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಬಿನ್ಯಾಟ್ ಅನ್ನುವುದು ಇದನ್ನೇ.

ಒಳಗೆ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಟೆಕ್ನಿಷಿಯನ್ ಮೊದಲು ಕಫ ನೋಡುತ್ತಾರೆ. ಎದೆಯಿಂದ ಬಂದ ಗಟ್ಟಿ ಕಫವೋ, ಬರೀ ಎಂಜಲೋ? ಎಂಜಲಾದರೆ ಎಷ್ಟು ದುಬಾರಿ ಯಂತ್ರ ಇದ್ದರೂ ಪರೀಕ್ಷೆ ದಂಡ. ಒಂದು ಪಾಲು ಕಫಕ್ಕೆ ಎರಡು ಪಾಲು ದ್ರಾವಣ ಸೇರಿಸಿ ಚೆನ್ನಾಗಿ ಕುಲುಕಿ ಹದಿನೈದು ನಿಮಿಷ ಬಿಡುತ್ತಾರೆ. ಅಂಟಂಟು ಕಫ ನೀರಾಗುತ್ತದೆ, ಬ್ಯಾಕ್ಟೀರಿಯಾದ ಸೋಂಕು ಹರಡುವ ಶಕ್ತಿಯೂ ಕುಗ್ಗುತ್ತದೆ. ಅದರಲ್ಲಿ ಎರಡು ಮಿಲಿಲೀಟರ್ ತೆಗೆದು ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಪ್ಲಾಸ್ಟಿಕ್ ಕಾರ್ಟ್ರಿಜ್‌ಗೆ ಹಾಕಿ ಮುಚ್ಚಳ ಒತ್ತಿ ಯಂತ್ರದೊಳಗೆ ಇಡುತ್ತಾರೆ. ಅಲ್ಲಿಂದ ಮುಂದೆ ಕೈ ಹಾಕುವ ಕೆಲಸ ಇಲ್ಲ. ಯಂತ್ರವೇ ಶಬ್ದದ ಅಲೆಗಳಿಂದ ಬ್ಯಾಕ್ಟೀರಿಯಾವನ್ನು ಒಡೆದು ಡಿಎನ್‌ಎ ಹೊರತೆಗೆದು ದುಪ್ಪಟ್ಟು ಮಾಡುತ್ತಾ ಹೋಗುತ್ತದೆ.

ಅದು ಹುಡುಕುವುದು ಆರ್‌ಪಿಒಬಿ ಎಂಬ ಜೀನ್‌ನ 81 ಅಕ್ಷರಗಳಷ್ಟು ಉದ್ದದ ಒಂದು ತುಣುಕನ್ನು. ಟಿ.ಬಿ.ಯ ಮುಖ್ಯ ಔಷಧಿಗಳಲ್ಲಿ ಒಂದಾದ ರಿಫಾಂಪಿಸಿನ್‌ಗೆ ಬ್ಯಾಕ್ಟೀರಿಯಾ ಬಗ್ಗದೇ ಹೋದಾಗ, ನೂರಕ್ಕೆ ಸುಮಾರು 95 ಸಲ ಬದಲಾವಣೆ ಆಗಿರುವುದು ಇದೇ ಜಾಗದಲ್ಲಿ. ಈ 81 ಅಕ್ಷರಗಳ ಮೇಲೆ ಹೊಳೆಯುವ ಐದು ಶೋಧಕಗಳು ಕೂರುತ್ತವೆ. ಐದೂ ಹೊಳೆದರೆ ಟಿ.ಬಿ. ಇದೆ, ರಿಫಾಂಪಿಸಿನ್ ಕೆಲಸ ಮಾಡುತ್ತದೆ. ಒಂದು ಕೂರದೇ ಹೋದರೆ ಅಲ್ಲಿ ಅಕ್ಷರ ಬದಲಾಗಿದೆ ಎಂದರ್ಥ. ಒಂದೇ ಪರೀಕ್ಷೆಯಿಂದ ಎರಡೂ ಪ್ರಶ್ನೆಗೆ ಉತ್ತರ.

ಈ ಎರಡನೇ ಉತ್ತರದ ಬೆಲೆ ಗೊತ್ತಾಗಬೇಕಾದರೆ ಹಿಂದಿನ ಪದ್ಧತಿ ನೆನಪಿಸಿಕೊಳ್ಳಬೇಕು. ಔಷಧಿಗೆ ಬಗ್ಗದ ಟಿ.ಬಿ. ಇದ್ದವರಿಗೂ ಮೊದಲು ಮಾಮೂಲಿ ಮಾತ್ರೆಗಳನ್ನೇ ತಿಂಗಳುಗಟ್ಟಲೆ ಕೊಡುತ್ತಿದ್ದರು. ಗುಣವಾಗದಿದ್ದರೆ ಅವಕ್ಕೇ ಎರಡು ತಿಂಗಳ ಸ್ಟ್ರೆಪ್ಟೋಮೈಸಿನ್ ಇಂಜೆಕ್ಷನ್ ಸೇರಿಸಿ ಎಂಟು ತಿಂಗಳ ಇನ್ನೊಂದು ಸುತ್ತು. ಅದೂ ಸೋತ ಮೇಲೆ ಅನುಮಾನ. ಅಷ್ಟು ದಿನ ಆ ರೋಗಿ ಮನೆಯಲ್ಲಿ, ಬಸ್ಸಿನಲ್ಲಿ, ಕೆಲಸದ ಜಾಗದಲ್ಲಿ ಅದೇ ಗಟ್ಟಿ ತಳಿಯನ್ನು ಹರಡುತ್ತಿದ್ದ. ಈಗ ಮೊದಲ ದಿನವೇ ಗೊತ್ತಾಗುತ್ತದೆ. ಅಂಥವರಿಗೆ ನಾಲ್ಕು ಔಷಧಿಗಳ ಆರು ತಿಂಗಳ ಹೊಸ ಚಿಕಿತ್ಸೆಗೆ ಕೇಂದ್ರ ಆರೋಗ್ಯ ಸಚಿವಾಲಯ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆಯನ್ನೂ ಕೊಟ್ಟಿದೆ. ಅಣುಮಟ್ಟದ ಪರೀಕ್ಷೆಯಿಂದ ಆದ ಅತಿ ದೊಡ್ಡ ಉಪಕಾರ ಇದು ಎಂದೇ ನನ್ನ ಅಭಿಪ್ರಾಯ.

ಜೀನ್‌ಎಕ್ಸ್‌ಪರ್ಟ್‌ಗೆ ಏಸಿ ಬೇಕು, ಕೈಕೊಡದ ಕರೆಂಟ್ ಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇವೆರಡನ್ನೂ ನಂಬಿ ಕೂರೋ ಹಾಗಿಲ್ಲ. ಈ ಕೊರತೆಗೆ ಉತ್ತರ ಕೊಟ್ಟವರು ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದವರು. ಅವರು ರೂಪಿಸಿದ, ಗೋವಾದ ಮೋಲ್‌ಬಯೋ ಕಂಪನಿ ತಯಾರಿಸುವ ಟ್ರೂನ್ಯಾಟ್ ಬ್ಯಾಟರಿಯಿಂದ ನಡೆಯುತ್ತದೆ, ಮೇಜಿನ ಮೂಲೆಯಲ್ಲಿ ಕೂರುತ್ತದೆ, ಏಸಿ ಕೇಳುವುದಿಲ್ಲ. ಡಿಎನ್‌ಎ ತೆಗೆಯಲು ಒಂದು ಯಂತ್ರ, ಓದಲು ಇನ್ನೊಂದು. ಸುಮಾರು ಒಂದು ಗಂಟೆಗೆ ಟಿ.ಬಿ. ಇದೆಯೋ ಇಲ್ಲವೋ ತಿಳಿಯುತ್ತದೆ. ಇದ್ದರೆ ಇನ್ನೊಂದು ಚಿಪ್ ಹಾಕಿ ರಿಫಾಂಪಿಸಿನ್ ವಿಷಯ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಇದಕ್ಕೂ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಕೋವಿಡ್ ಪರೀಕ್ಷೆಗೂ ಇದು ಬಳಕೆಯಾಯಿತು. ನಮ್ಮ ಊರಿನಲ್ಲೇ ಹುಟ್ಟಿದ ಯಂತ್ರ ಬೇರೆ ದೇಶಗಳ ಹಳ್ಳಿ ಆಸ್ಪತ್ರೆಗಳಿಗೂ ಹೋಗುತ್ತಿದೆ ಅನ್ನುವುದು ಹೆಮ್ಮೆಯ ವಿಷಯ ಅಲ್ವಾ? ಒಂದು ಮಾತು ಮಾತ್ರ ಹೇಳಬೇಕು. ಇದರಲ್ಲಿ ದ್ರವವನ್ನು ಒಂದು ಯಂತ್ರದಿಂದ ತೆಗೆದು ಚಿಪ್ ಮೇಲೆ ಹನಿಸುವ ಕೆಲಸ ಕೈಯಿಂದಲೇ ಆಗಬೇಕು. ಟೆಕ್ನಿಷಿಯನ್ ಹುದ್ದೆ ಖಾಲಿ ಇರುವ ಕೇಂದ್ರದಲ್ಲಿ ಯಂತ್ರ ಇದ್ದೂ ಪ್ರಯೋಜನವಿಲ್ಲ.

ಇಷ್ಟೆಲ್ಲ ಇದ್ದ ಮೇಲೆ ರೋಗ ಬೇಗ ಸಿಗಬೇಕಿತ್ತು. ಯಾಕೆ ಸಿಗುತ್ತಿಲ್ಲ?

ಭಾರತದಲ್ಲಿ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಒಂದು ಲೆಕ್ಕ ಪ್ರಕಟವಾಯಿತು. ಕೆಮ್ಮು ಶುರುವಾದ ದಿನದಿಂದ ಚಿಕಿತ್ಸೆ ಶುರುವಾಗುವ ದಿನಕ್ಕೆ ಸುಮಾರು 55 ದಿನ. ಇದರಲ್ಲಿ ರೋಗಿ ತಾನಾಗಿ ತಡ ಮಾಡಿದ್ದು ಸುಮಾರು 18 ದಿನ. ರೋಗ ಗೊತ್ತಾದ ಮೇಲೆ ಮಾತ್ರೆ ಶುರುವಾಗಲು ಎರಡೂವರೆ ದಿನ. ನಡುವಿನ ದೊಡ್ಡ ಪಾಲು, 31 ದಿನ, ಮೊದಲ ಸಲ ಯಾರಾದರೂ ವೈದ್ಯರನ್ನು ಕಂಡ ದಿನದಿಂದ ಟಿ.ಬಿ. ಎಂದು ಗೊತ್ತಾಗುವವರೆಗಿನ ಅವಧಿ. (ಪ್ರತಿಯೊಂದೂ ಬೇರೆಯಾಗಿ ತೆಗೆದ ಮಧ್ಯಾಂಕ, ಹಾಗಾಗಿ ಕೂಡಿದರೆ ಸರಿಯಾಗಿ 55 ಆಗುವುದಿಲ್ಲ.) ಅಷ್ಟರಲ್ಲಿ ರೋಗಿ ಸರಾಸರಿ ಎರಡು ಮೂರು ಕಡೆ ತೋರಿಸಿಕೊಂಡು ಬಂದಿರುತ್ತಾನೆ. ಅರ್ಧದಷ್ಟು ಜನ ಮೊದಲು ಹೋಗುವುದು ಖಾಸಗಿಯವರ ಹತ್ತಿರ.

ಆ 31 ದಿನ ಹೇಗೆ ಕಳೆಯುತ್ತವೆ ಎಂದು ನಮ್ಮ ಊರುಗಳಲ್ಲಿ ಎಲ್ಲರಿಗೂ ಗೊತ್ತು. ಮೊದಲು ಮೆಡಿಕಲ್ ಶಾಪ್, ಒಂದು ಸಿರಪ್. ಕಡಿಮೆ ಆಗಲಿಲ್ಲ ಅಂದರೆ ಹತ್ತಿರದ ಕ್ಲಿನಿಕ್, ಐದು ದಿನದ ಆಂಟಿಬಯೋಟಿಕ್. ಈ ಆಂಟಿಬಯೋಟಿಕ್ ಬಹಳ ಸಲ ಲೆವೊಫ್ಲಾಕ್ಸಾಸಿನ್ ಥರದ್ದಾಗಿರುತ್ತದೆ. ಈ ಗುಂಪಿನ ಔಷಧಿಗಳಿಗೆ ಟಿ.ಬಿ. ಬ್ಯಾಕ್ಟೀರಿಯಾವನ್ನೂ ಸ್ವಲ್ಪ ಹತ್ತಿಕ್ಕುವ ಶಕ್ತಿ ಇದೆ. ಕೆಮ್ಮು ತಾತ್ಕಾಲಿಕವಾಗಿ ತಗ್ಗುತ್ತದೆ. ರೋಗಿಗೂ ಡಾಕ್ಟರಿಗೂ ಸಮಾಧಾನ. ಎರಡು ವಾರ ಬಿಟ್ಟು ಕೆಮ್ಮು ವಾಪಸ್. ಪತ್ತೆ ತಡವಾಗಿದ್ದಷ್ಟೇ ಅಲ್ಲದೆ, ಮೇಲೆ ಹೇಳಿದ ಹೊಸ ಚಿಕಿತ್ಸೆಯ ನಾಲ್ಕು ಔಷಧಿಗಳಲ್ಲಿ ಒಂದಾದ ಮಾಕ್ಸಿಫ್ಲಾಕ್ಸಾಸಿನ್ ಕೂಡ ಇದೇ ಗುಂಪಿಗೆ ಸೇರಿದ್ದು. ಸುಮ್ನೆ ಬರೆದುಕೊಟ್ಟ ಐದು ಮಾತ್ರೆ ಕೊನೆಯ ಆಯುಧವನ್ನೇ ಮೊಂಡು ಮಾಡಬಹುದು. ಡಾಕ್ಟರ ಚೀಟಿ ಇಲ್ಲದೆ ಇವು ಕೈಗೆ ಸಿಗುತ್ತಿರುವುದು ನನಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ.

ತಪ್ಪು ಪರೀಕ್ಷೆಯ ಇತಿಹಾಸವೂ ನಮಗಿದೆ. ರಕ್ತದಲ್ಲಿ ಪ್ರತಿಕಾಯ, ಅಂದರೆ ಸೋಂಕಿನ ವಿರುದ್ಧ ದೇಹ ತಯಾರಿಸುವ ವಸ್ತು, ನೋಡಿ ಟಿ.ಬಿ. ಹೇಳುತ್ತೇವೆ ಎಂಬ ಕಿಟ್‌ಗಳು ಖಾಸಗಿ ಲ್ಯಾಬ್‌ಗಳಲ್ಲಿ ವರ್ಷಗಟ್ಟಲೆ ಮಾರಾಟವಾದವು. ಅವು ನಂಬಲರ್ಹವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೇಳಿತು, ಭಾರತ 2012ರಲ್ಲಿ ನಿಷೇಧಿಸಿತು. ಪರೀಕ್ಷೆ ಹೊಸದು, ದುಬಾರಿ ಎಂದ ಮಾತ್ರಕ್ಕೆ ನಿಖರವಾಗಿರಬೇಕೆಂದಿಲ್ಲ.

ಯಂತ್ರ ಇಟ್ಟ ಮಾತ್ರಕ್ಕೆ ಏನಾಗುತ್ತದೆ ಎಂದು ಆಫ್ರಿಕಾದಲ್ಲಿ ಚೆನ್ನಾಗಿ ಪರೀಕ್ಷಿಸಿ ನೋಡಿದ್ದಾರೆ. ದಕ್ಷಿಣ ಆಫ್ರಿಕಾ, ಜಿಂಬಾಬ್ವೆ, ಜಾಂಬಿಯಾ, ತಾಂಜಾನಿಯಾದ ಪ್ರಾಥಮಿಕ ಕೇಂದ್ರಗಳಲ್ಲಿ ನರ್ಸುಗಳ ಕೈಗೇ ಜೀನ್‌ಎಕ್ಸ್‌ಪರ್ಟ್ ಕೊಟ್ಟು ಮಾಡಿದ ಅಧ್ಯಯನ 2014ರಲ್ಲಿ ಬಂತು. ಅದೇ ದಿನ ಚಿಕಿತ್ಸೆ ಶುರುವಾದವರ ಸಂಖ್ಯೆ ಏರಿತ್ತು. ಆದರೆ ಆರು ತಿಂಗಳ ಮೇಲೆ ನೋಡಿದರೆ ರೋಗದ ಬಾಧೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪರೀಕ್ಷೆ ನೆಗೆಟಿವ್ ಬಂದವರಿಗೂ ವೈದ್ಯರು ಲಕ್ಷಣ ನೋಡಿಯೇ ಚಿಕಿತ್ಸೆ ಕೊಡುತ್ತಿದ್ದರು, ಅದೇ ಮುಖ್ಯ ಕಾರಣ. ಇನ್ನೊಂದು ಕಡೆ ಉಗಾಂಡಾದ 20 ಆರೋಗ್ಯ ಕೇಂದ್ರಗಳ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅಲ್ಲಿ ಯಂತ್ರದ ಜೊತೆಗೆ ಕೆಲಸದ ಕ್ರಮವನ್ನೇ ಬದಲಿಸಿದ್ದರು. ಬೆಳಗ್ಗೆ ಕಫ ಕೊಟ್ಟವರಿಗೆ ಅದೇ ದಿನ ಫಲಿತಾಂಶ, ಅದೇ ದಿನ ಮಾತ್ರೆ. ಪ್ರತಿ ತಿಂಗಳೂ ಸಿಬ್ಬಂದಿ ಕೂತು ತಮ್ಮ ಕೇಂದ್ರದ ಲೆಕ್ಕ ನೋಡುವುದು. ಎರಡು ವಾರದೊಳಗೆ ಚಿಕಿತ್ಸೆ ಶುರುವಾದವರು ಹಳೆಯ ಕ್ರಮದ ಕೇಂದ್ರಗಳಲ್ಲಿ 220, ಹೊಸ ಕ್ರಮದಲ್ಲಿ 342. ನನಗೆ ಈ ಎರಡನೇ ಅಧ್ಯಯನವೇ ಹೆಚ್ಚು ಉಪಯುಕ್ತ ಅನಿಸುತ್ತದೆ. ಇದರಲ್ಲಿ ಹೊಸ ವಿಜ್ಞಾನ ಏನೂ ಇಲ್ಲ, ನಾಳೆಯೇ ಮಾಡಬಹುದಾದ ಕೆಲಸ.

ಹಾಗಾದರೆ ಎಲ್ಲರಿಗೂ ಅಣುಮಟ್ಟದ ಪರೀಕ್ಷೆ ಮಾಡಿಬಿಟ್ಟರೆ ಆಯಿತಲ್ಲ ಎಂದು ಕೇಳುವವರಿದ್ದಾರೆ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಒಂದು ಲಕ್ಷ ಜನರಲ್ಲಿ 300 ಮಂದಿಗೆ ಟಿ.ಬಿ. ಇದೆ ಎಂದಿಟ್ಟುಕೊಳ್ಳೋಣ. ಪರೀಕ್ಷೆ ಇದ್ದವರಲ್ಲಿ ನೂರಕ್ಕೆ 85 ಮಂದಿಯನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ನೂರಕ್ಕೆ ಒಬ್ಬರಿಗೆ ತಪ್ಪಾಗಿ ಪಾಸಿಟಿವ್ ಹೇಳುತ್ತದೆ ಎಂದುಕೊಳ್ಳಿ. ಸಿಗುವ ನಿಜವಾದ ರೋಗಿಗಳು 255. ತಪ್ಪು ಪಾಸಿಟಿವ್ ಸುಮಾರು 1,000. ಅಂದರೆ ಪಾಸಿಟಿವ್ ಬಂದ ಐವರಲ್ಲಿ ನಾಲ್ವರಿಗೆ ರೋಗವೇ ಇಲ್ಲ! ಅದೇ ಪರೀಕ್ಷೆಯನ್ನು ಎಕ್ಸ್‌ರೇಯಲ್ಲಿ ಅನುಮಾನ ಬಂದ ಸಾವಿರ ಜನಕ್ಕೆ ಮಾಡಿ, ಅವರಲ್ಲಿ ನೂರು ಮಂದಿಗೆ ರೋಗ ಇದ್ದರೆ, ನಿಜವಾದ ಪಾಸಿಟಿವ್ 85, ತಪ್ಪು ಪಾಸಿಟಿವ್ ಒಂಬತ್ತೇ. ಪರೀಕ್ಷೆ ಬದಲಾಗಲಿಲ್ಲ, ಯಾರಿಗೆ ಮಾಡಿದೆವು ಅನ್ನುವುದು ಬದಲಾಯಿತು.

ಅದಕ್ಕೇ ಎಕ್ಸ್‌ರೇಗೆ ಮತ್ತೆ ಬೆಲೆ ಬಂದಿದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಟಿ.ಬಿ. ಸಮೀಕ್ಷೆಯಲ್ಲಿ ಸಿಕ್ಕ ರೋಗಿಗಳಲ್ಲಿ 42.6% ಮಂದಿ ಎಕ್ಸ್‌ರೇ ಇಲ್ಲದಿದ್ದರೆ ತಪ್ಪಿಹೋಗುತ್ತಿದ್ದರು. ಅವರಲ್ಲಿ ಕೇಳುವಂಥ ಲಕ್ಷಣಗಳೇ ಇರಲಿಲ್ಲ. ಅದೇ ಸಮೀಕ್ಷೆಯಲ್ಲಿ, ಲಕ್ಷಣ ಇದ್ದವರಲ್ಲೂ ನೂರಕ್ಕೆ 64ರಷ್ಟು ಜನ ಯಾರ ಹತ್ತಿರವೂ ತೋರಿಸಿಕೊಂಡಿರಲಿಲ್ಲ. ತುಮಕೂರಿನ ಹಳೆಯ ಅಧ್ಯಯನಕ್ಕೆ ಇದು ವಿರುದ್ಧ ಎಂದು ಕಾಣಬಹುದು. ನನಗೆ ಹಾಗನ್ನಿಸುವುದಿಲ್ಲ. ಕೆಮ್ಮಿನ ಜೊತೆ ದಿನದೂಡುವವರೂ ಇದ್ದಾರೆ, ಬಾಗಿಲಿಗೆ ಬಂದು ವಾಪಸ್ ಹೋಗುವವರೂ ಇದ್ದಾರೆ. ಮೊದಲನೆಯವರಿಗೆ ಕೈಯಲ್ಲಿ ಹಿಡಿದು ಒಯ್ಯುವ ಎಕ್ಸ್‌ರೇ ಮನೆ ಬಾಗಿಲಿಗೆ ಬರಬೇಕು. ಎರಡನೆಯವರಿಗೆ ಬೇಕಿರುವುದು ಎರಡು ವಾರ ದಾಟಿದ ಕೆಮ್ಮು ಎಂದ ಕೂಡಲೇ ಕಫ ಕೇಳುವ ಡಾಕ್ಟರ್. ಕೇಳಿದ ಮೇಲೆ ಅದು ಮೈಕ್ರೋಸ್ಕೋಪ್‌ಗೆ ಹೋಗದೆ ನೇರವಾಗಿ ಅಣುಮಟ್ಟದ ಪರೀಕ್ಷೆಗೆ ಹೋಗಬೇಕು. ಜಗತ್ತಿನಾದ್ಯಂತ ನೋಡಿದರೆ 2023ರಲ್ಲೂ ಹೊಸ ರೋಗಿಗಳಲ್ಲಿ 48% ಮಂದಿಗೆ ಮಾತ್ರ ಮೊದಲ ಪರೀಕ್ಷೆಯಾಗಿ ಇದು ಸಿಕ್ಕಿತ್ತು. ಕಾರ್ಟ್ರಿಜ್ ದರ ಇದಕ್ಕೆ ಒಂದು ಕಾರಣ. ಬಹಳ ವರ್ಷ 10 ಡಾಲರ್ ಹತ್ತಿರ ನಿಂತಿದ್ದ ದರ 2023ರಲ್ಲಿ 8 ಡಾಲರ್‌ಗೆ ಇಳಿಯಿತು. ಇನ್ನೂ ಇಳಿಯಬೇಕು.

ಡಿಎನ್‌ಎ ಪರೀಕ್ಷೆಗೆ ಅದರದೇ ಮಿತಿಗಳಿವೆ. ಸತ್ತ ಬ್ಯಾಕ್ಟೀರಿಯಾ, ಬದುಕಿದ ಬ್ಯಾಕ್ಟೀರಿಯಾ ಎಂಬ ಭೇದ ಅದಕ್ಕೆ ಗೊತ್ತಾಗುವುದಿಲ್ಲ. ಚಿಕಿತ್ಸೆ ಮುಗಿಸಿದವರ ಕಫದಲ್ಲಿ ಹಳೆಯ ಡಿಎನ್‌ಎ ತಿಂಗಳುಗಟ್ಟಲೆ ಉಳಿದಿರಬಹುದು. ಹಾಗಾಗಿ ಗುಣವಾಯಿತೇ ಎಂದು ನೋಡಲು ಈಗಲೂ ಮೈಕ್ರೋಸ್ಕೋಪ್, ಕಲ್ಚರ್‌ಗಳೇ ಬೇಕು. ಪುಟ್ಟ ಮಕ್ಕಳಿಗೆ ಕಫ ಕಕ್ಕಲು ಬರುವುದಿಲ್ಲ, ನುಂಗಿಬಿಡುತ್ತವೆ. ಅದಕ್ಕೆ ಮಲದಲ್ಲೇ ಡಿಎನ್‌ಎ ಹುಡುಕುವ ದಾರಿ ಬಂದಿದೆ. ನಾಲಿಗೆಯ ಮೇಲೆ ಹತ್ತಿಕಡ್ಡಿ ಸವರಿ ನೋಡುವ ವಿಧಾನದ ಮೇಲೂ ಕೆಲಸ ನಡೆದಿದೆ.

ಪಾಸಿಟಿವ್ ಬಂದ ಮೇಲೆ ಕೆಲಸ ಶುರುವಾಗುತ್ತದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡ್‌ನಲ್ಲಿ ನಡೆಸಿದ ರೇಷನ್ಸ್ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ರೋಗಿಯ ಮನೆಯವರಿಗೆ ಅಕ್ಕಿ, ಬೇಳೆ, ವಿಟಮಿನ್ ಮಾತ್ರೆ ಕೊಟ್ಟಾಗ ಆ ಮನೆಯಲ್ಲಿ ಇನ್ನೊಬ್ಬರಿಗೆ ಟಿ.ಬಿ. ಬರುವುದು 39ರಿಂದ 48% ಕಡಿಮೆಯಾಯಿತು. ಸರ್ಕಾರ ರೋಗಿಗೆ ಪೋಷಣೆಗೆಂದು ಕೊಡುವ ಹಣವನ್ನು 2024ರ ನವೆಂಬರ್‌ನಿಂದ ತಿಂಗಳಿಗೆ 500 ರೂಪಾಯಿಯಿಂದ 1,000ಕ್ಕೆ ಏರಿಸಿದ್ದು ಒಳ್ಳೆಯ ಹೆಜ್ಜೆ. ಫಲಿತಾಂಶ ಬಂದ ವಾರವೇ ಆಶಾ ಕಾರ್ಯಕರ್ತೆ ಆ ಮನೆಗೆ ಹೋಗಿ ಎಲ್ಲರನ್ನೂ ಎಕ್ಸ್‌ರೇಗೆ ಕರೆತಂದರೆ, ರೋಗ ಇಲ್ಲದವರಿಗೆ ತಡೆಗಟ್ಟುವ ಮಾತ್ರೆ ಶುರುವಾದರೆ, ಎರಡು ಗಂಟೆಯ ಪರೀಕ್ಷೆಗೆ ಸಾರ್ಥಕತೆ.

ಎಷ್ಟು ಯಂತ್ರ ಬಂದವು, ಎಷ್ಟು ಪರೀಕ್ಷೆ ಆದವು ಎಂಬ ಲೆಕ್ಕ ಪ್ರತಿ ವರ್ಷ ಸರ್ಕಾರದ ವರದಿಯಲ್ಲಿ ಬರುತ್ತದೆ. ನಾನು ನೋಡಬೇಕೆಂದಿರುವುದು ಪ್ರತಿ ರೋಗಿಯ ದಾಖಲೆಯಲ್ಲಿ ಮೂರು ತಾರೀಖು. ಕೆಮ್ಮು ಎಂದು ಮೊದಲ ಸಲ ಯಾರನ್ನಾದರೂ ಕಂಡ ದಿನ, ರೋಗ ಗೊತ್ತಾದ ದಿನ, ಮೊದಲ ಮಾತ್ರೆ ನುಂಗಿದ ದಿನ. ಕೊನೆಯ ಎರಡು, ಟಿ.ಬಿ. ರೋಗಿಗಳ ಮಾಹಿತಿ ಇಡುವ ಸರ್ಕಾರದ ನಿಕ್ಷಯ್ ಪೋರ್ಟಲ್‌ನಲ್ಲಿ ಈಗಾಗಲೇ ದಾಖಲಾಗುತ್ತವೆ. ಮೊದಲನೆಯದನ್ನೂ ಕೇಳಿ ಬರೆದುಕೊಂಡು ತಾಲ್ಲೂಕುವಾರು ಪ್ರಕಟಿಸಿದರೆ ಯಾವ ತಾಲ್ಲೂಕಿಗೆ ಯಂತ್ರ ಬೇಕು, ಯಾವುದಕ್ಕೆ ಕಫದ ಡಬ್ಬಿ ಸಾಗಿಸುವ ಒಬ್ಬ ಬೈಕ್ ಸವಾರ ಸಾಕು, ಎಲ್ಲಿ ಖಾಸಗಿ ಡಾಕ್ಟರುಗಳ ಮತ್ತು ಮೆಡಿಕಲ್ ಶಾಪಿನವರ ಜೊತೆ ಕೂತು ಮಾತಾಡಬೇಕು ಅನ್ನುವುದು ತಿಳಿಯುತ್ತದೆ.